ಕೆಲಸವನ್ನೊಪ್ಪಿಸುವ ಧರ್ಮ

ಕೆಲಸವು ಮುಗಿಯುವುದು ಒಂದು, ಅದನ್ನು ಒಪ್ಪಿಸುವುದು ಇನ್ನೊಂದು. ಲೋಕವ್ಯವಹಾರದಲ್ಲಿ ಇವೆರಡನ್ನೂ ಒಂದೇ ಎಂದು ಎಣಿಸುವ ವಾಡಿಕೆಯುಂಟು. ಬಡಗಿಯು ಕಡೆಯ ಮೊಳೆಯನ್ನು ಹೊಡೆದು ಉಳಿ, ಬಾಚಿ, ಗರಗಸಗಳನ್ನು ಚೀಲಕ್ಕೆ ಸೇರಿಸಿದೊಡನೆ ಕೆಲಸವು ಪೂರೈಸಿತೆಂದು ಮನೆಯ ಯಜಮಾನನು ಭಾವಿಸುತ್ತಾನೆ. ಬಡಗಿಯೂ ಹಾಗೆಯೇ ಭಾವಿಸುವುದುಂಟು. ಆದರೆ ಆ ಕಡೆಯ ಮೊಳೆಗೂ ಬೀಗದ ಕೈಯು ಯಜಮಾನನ ಕೈಸೇರುವ ಗಳಿಗೆಗೂ ನಡುವೆ ಸ್ವಲ್ಪ ಕಾಲವಿರುತ್ತದೆ. ಅದು ಒಂದು ದಿನವಾಗಿರಬಹುದು, ಒಂದು ಗಳಿಗೆಯೇ ಆಗಿರಬಹುದು. ಅಷ್ಟು ಹೊತ್ತು ವಸ್ತುವು ಪೂರ್ಣವಾಗಿಯೂ ಇದೆ, ಮಾಡಿದವನ ಅಧೀನದಲ್ಲಿಯೂ ಇದೆ. ಅದಕ್ಕೆ ಮುಂಚೆ ನೋಡೋಣವೆಂದರೆ ವಸ್ತುವೇ ಪೂರ್ಣವಾಗಿರಲಿಲ್ಲ. ಆಮೇಲೆ ತಿದ್ದೋಣವೆಂದರೆ ವಸ್ತುವು ಪರಾಧೀನವಾಯಿತು. ನೋಡುವುದಕ್ಕೂ ತಿದ್ದುವುದಕ್ಕೂ ಏಕಕಾಲದಲ್ಲಿ ಅವಕಾಶವಿರುವುದು ಈ ನಡುವಣ ಕಾಲದಲ್ಲಿ ಮಾತ್ರ. ಹೊರನೋಟಕ್ಕೆ ಕಸಬಿನ ಸಣ್ಣ ಸಂಗತಿಯಾಗಿ ತೋರುವ ಈ ಅವಧಿಯಲ್ಲಿ ಧರ್ಮಶಾಸ್ತ್ರಕ್ಕೆ ತಕ್ಕ ಪ್ರಶ್ನೆಯೊಂದು ಅಡಗಿದೆ. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ದೃಷ್ಟಾಂತಕ್ಕಾಗಿ ಒಂದು ಮನೆಯ ಮುಂಬಾಗಿಲನ್ನು ತೆಗೆದುಕೊಳ್ಳಬಹುದು. ಬಲ್ಲ ಬಡಗಿಯು ಅದನ್ನು ಒಪ್ಪಿಸುವ ಮುಂಚೆ ಹೇಗೆ ನೋಡುತ್ತಾನೆಂಬುದು ಗಮನಿಸತಕ್ಕ ವಿಷಯ. ಬಾಗಿಲುವಾಡದ ಎರಡು ನಿಲುವುಗಳಿಗೂ ತೂಗುಗುಂಡನ್ನು ಇಳಿಬಿಟ್ಟು, ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡುತ್ತಾನೆ. ಮೂಲೆಯಿಂದ ಎದುರುಮೂಲೆಗೆ ದಾರವನ್ನು ಹಿಡಿದು ಕರ್ಣಗಳೆರಡನ್ನೂ ಅಳೆಯುತ್ತಾನೆ. ಎದುರುಬದುರಿನ ಭುಜಗಳು ಸಮವಾಗಿದ್ದು ಕರ್ಣಗಳೂ ಸಮವಾದರೆ ಮೂಲೆಗಳು ನೇರವಾಗಿವೆಯೆಂದು ನಿಶ್ಚಯ. ಯಜ್ಞವೇದಿಯನ್ನು ಹಗ್ಗದಿಂದ ಅಳೆದ ಶುಲ್ಬಸೂತ್ರಕಾರರು ಕರ್ಣದ ಲಕ್ಷಣವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬಡಗಿಯ ದಾರವೂ ಆ ವಂಶಕ್ಕೇ ಸೇರಿದ್ದೆನ್ನಬಹುದು. ಆಮೇಲೆ ಕದವನ್ನು ಅರ್ಧ ತೆರೆದು ಕೈಬಿಡುತ್ತಾನೆ. ಅದು ನಿಂತಲ್ಲಿಯೇ ನಿಂತರೆ ಸರಿ. ತಾನಾಗಿ ತೆರೆದುಕೊಂಡರೂ ಮುಚ್ಚಿಕೊಂಡರೂ ಕೀಲುಗಳ ಸಾಲು ಲಂಬವಾಗಿ ಕೂತಿಲ್ಲವೆಂದು ಅರ್ಥ. ಕದಕ್ಕೂ ವಾಡಕ್ಕೂ ನಡುವಣ ಸಂದು ಸುತ್ತಲೂ ಒಂದೇ ಸಮನಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಅಗಳಿಯನ್ನು ಹಲವು ಸಲ ಹಾಕಿ ತೆಗೆಯುತ್ತಾನೆ. ದೀಪವನ್ನು ಕದದ ಎದುರಿಗೆ ಹಿಡಿಯದೆ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಪಕ್ಕದಲ್ಲಿ ಹಿಡಿಯುತ್ತಾನೆ. ನೇರವಾದ ಬೆಳಕಿನಲ್ಲಿ ಕಾಣದ ಉಬ್ಬುತಗ್ಗುಗಳೂ ಉಳಿಯ ಗೀರುಗಳೂ ಆಗ ನೆರಳು ಚೆಲ್ಲಿ ತಾವಾಗಿಯೇ ತೋರಿಕೊಳ್ಳುತ್ತವೆ. ಕಡೆಗೆ ಕಣ್ಣು ಮುಚ್ಚಿ ಅಂಗೈಯಿಂದ ಸವರುತ್ತಾನೆ. ಕಣ್ಣಿಗೆ ಸಿಕ್ಕದ್ದು ಅನೇಕವೇಳೆ ಚರ್ಮಕ್ಕೆ ಸಿಕ್ಕುತ್ತದೆ.

ಇಷ್ಟು ಪರೀಕ್ಷೆಯಲ್ಲಿ ತೋರಬಹುದಾದ ದೋಷಗಳನ್ನು, ಅವನ್ನು ಯಾರು ಕಾಣಬಲ್ಲರೆಂಬುದನ್ನನುಸರಿಸಿ, ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುವ ದೋಷ: ಸೀಳಿದ ಹಲಗೆ, ಸೊಟ್ಟಗೆ ಕೂತ ಚಿಲಕ, ನೆಲಕ್ಕೆ ಉಜ್ಜುವ ಕದ. ಎರಡನೆಯದು ಬಲ್ಲವನ ಕಣ್ಣಿಗೆ ಮಾತ್ರ ಬೀಳುವ ದೋಷ: ಚೇಗಿನ ನಡುವೆ ಸೇರಿಕೊಂಡ ಬೆಳ್ಳನೆಯ ಹೊರಮರ, ಅಲುಗುವ ಗಂಟು, ಸಂದಿನಲ್ಲಿ ತುಂಬಿದ ಹುಡಿ. ಹೊರಮರವು ಹುಳುವಿಗೂ ಗೆದ್ದಲಿಗೂ ಬೇಗ ತುತ್ತಾಗುವುದೆಂದು ತಿಳಿಯದವನಿಗೆ ಅದು ಮರದ ಒಂದು ಬಣ್ಣವಾಗಿ ಮಾತ್ರ ಕಾಣುತ್ತದೆ. ಮೂರನೆಯದು ಮಾಡಿದವನಿಗಲ್ಲದೆ ಮತ್ತಾರಿಗೂ ತಿಳಿಯದ ದೋಷ. ಮೊದಲನೆಯದರ ವಿಷಯದಲ್ಲಿ ಯಜಮಾನನೇ ಕೇಳಿಕೊಳ್ಳುತ್ತಾನೆ. ಎರಡನೆಯದಕ್ಕೆ ಬಲ್ಲ ಇನ್ನೊಬ್ಬನನ್ನು ಕರೆತಂದು ತೋರಿಸಬಹುದು. ಧರ್ಮದ ಪ್ರಶ್ನೆ ಹುಟ್ಟುವುದು ಮೂರನೆಯದರಲ್ಲಿ.

ಅಂಥ ದೋಷಗಳಿಗೆ ಎರಡು ಉದಾಹರಣೆಗಳು ಸಾಕು. ಕೀಲಿನ ತಿರುಪುಮೊಳೆಯನ್ನು ತಿರುಪುಳಿಯಿಂದ ತಿರುಗಿಸಿಯೇ ಇಳಿಸಬೇಕು. ಹಾಗೆ ಇಳಿಸಿದರೆ ಅದರ ಸುರುಳಿಗೆರೆಗಳು ಮರದ ನಾರನ್ನು ಕಚ್ಚಿ ಹಿಡಿಯುತ್ತವೆ. ಹೊತ್ತು ಮೀರಿದಾಗ ಅದನ್ನು ಸುತ್ತಿಗೆಯಿಂದ ಹೊಡೆದು ಕೂಡಿಸಿಬಿಡುವುದುಂಟು. ಆಗ ಆ ಗೆರೆಗಳು ನಾರನ್ನು ಹಿಡಿಯುವುದಕ್ಕೆ ಬದಲಾಗಿ ಹರಿದುಹಾಕುತ್ತವೆ. ಮೇಲಿನಿಂದ ನೋಡುವವರಿಗೆ ಎರಡರ ತಲೆಯೂ ಒಂದೇ. ಬಾಗಿಲು ಆ ದಿನ ಎರಡರಿಂದಲೂ ಒಂದೇ ರೀತಿಯಲ್ಲಿ ತಿರುಗುತ್ತದೆ. ಆದರೆ ೭ ಅಡಿ ಎತ್ತರ, ೩½ ಅಡಿ ಅಗಲ, ೧½ ಅಂಗುಲ ದಪ್ಪದ ಗಟ್ಟಿ ತೇಗದ ಕದವು ೫೦ ಕಿಲೋಗ್ರಾಮಿಗೂ ಮೇಲೆ ತೂಗುತ್ತದೆ. ಆ ಭಾರವನ್ನು ಹರಿದ ನಾರು ಎಷ್ಟು ದಿನ ತಾಳೀತು? ಜೋತುಬಿದ್ದ ಆ ಕದದ ಹತ್ತಿರ ಆಡುವುದು ಮನೆಯ ಮಗುವೇ ಹೊರತು ಕೆಲಸವನ್ನು ಒಪ್ಪಿಸಿ ಹೋದ ಬಡಗಿಯಲ್ಲ.

ಎರಡನೆಯ ಉದಾಹರಣೆ ಕದದ ಮೇಲಂಚು. ಕದದ ಎರಡು ಮುಖಗಳಿಗೂ ಪಕ್ಕಗಳಿಗೂ ಎಣ್ಣೆಯನ್ನೋ ಬಣ್ಣವನ್ನೋ ಮೆರುಗನ್ನೋ ಕೊಡುತ್ತಾರೆ. ಮನುಷ್ಯನ ಎತ್ತರಕ್ಕಿಂತ ಮೇಲಿರುವ ಅಂಚನ್ನೂ ನೆಲಕ್ಕೆ ಹತ್ತಿದ ಕೆಳಅಂಚನ್ನೂ ಯಾರೂ ನೋಡುವುದಿಲ್ಲವಾದ್ದರಿಂದ ಅವನ್ನು ಬರಿದಾಗಿ ಬಿಡುವುದು ಸುಲಭ. ಆದರೆ ಕದದ ನಿಂತ ಪಟ್ಟಿಗಳ ಕಡಿದ ತುದಿಗಳು ಬಯಲಾಗಿರುವುದು ಆ ಎರಡು ಕಡೆಗಳಲ್ಲಿಯೇ. ಮರವು ತನ್ನ ಪಕ್ಕಗಳಿಗಿಂತ ಕಡಿದ ತುದಿಗಳಲ್ಲಿ ಬಹಳ ಬೇಗನೆ ನೀರನ್ನು ಹೀರುತ್ತದೆ. ಮಳೆಗಾಲದ ತೇವವು ಅಲ್ಲಿಂದ ಒಳಹೊಕ್ಕು ಕದವನ್ನು ಉಬ್ಬಿಸುತ್ತದೆ, ಸಂದುಗಳನ್ನು ಸಡಿಲಿಸುತ್ತದೆ, ಮುಖದ ಮೇಲಿನ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ವಾಚಕರಲ್ಲಿ ಎಷ್ಟು ಮಂದಿ ತಮ್ಮ ಮನೆಯ ಬಾಗಿಲಿನ ಮೇಲಂಚನ್ನು ಒಮ್ಮೆಯಾದರೂ ನೋಡಿರುವರೋ ಅವರೇ ಎಣಿಸಿಕೊಳ್ಳಲಿ.

ಈಗ ಪ್ರಶ್ನೆಯನ್ನು ಹೀಗೆ ನಿರೂಪಿಸಬಹುದು: ಮತ್ತಾರೂ ಕಾಣದ, ಕಾಣಲಾರದ ದೋಷವೊಂದು ತನ್ನ ಕೆಲಸದಲ್ಲಿ ಇದೆಯೆಂದು ಬಲ್ಲವನು ಅದನ್ನು ತಿದ್ದಿಯೇ ಒಪ್ಪಿಸಬೇಕೇ? ತಿದ್ದದಿದ್ದರೆ ಅವನು ಧರ್ಮವನ್ನು ಮೀರಿದಂತಾಗುವುದೇ?

ಇದಕ್ಕೆ ಪೂರ್ವಪಕ್ಷವು ದುರ್ಬಲವಾದದ್ದಲ್ಲ. ಮೊದಲನೆಯದಾಗಿ, ಕರಾರೆಂಬುದು ಇಬ್ಬರ ಒಪ್ಪಿಗೆಯಿಂದ ಆದದ್ದು. ಯಜಮಾನನು ಕಣ್ಣಾರೆ ನೋಡಿ ಒಪ್ಪಿದಮೇಲೆ ಕೆಲಸಗಾರನ ಹೊಣೆ ತೀರಿತು. ನೋಡಬೇಕಾದವನು ನೋಡದಿದ್ದರೆ ತಪ್ಪು ಅವನದು. ಎರಡನೆಯದಾಗಿ, ನಿರ್ದೋಷವಾದ ಕೃತಿಯು ಲೋಕದಲ್ಲಿಯೇ ಇಲ್ಲ. ದೋಷವೆಲ್ಲವೂ ತೀರಿದಮೇಲೆ ಒಪ್ಪಿಸಬೇಕೆಂದರೆ ಯಾವ ಬಾಗಿಲೂ ಯಾವ ಮನೆಗೂ ಸೇರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು: ತಿದ್ದುವುದಕ್ಕೆ ಹೊತ್ತು ಬೇಕು, ಹೊತ್ತೆಂದರೆ ಕೂಲಿ. ಕದವನ್ನು ಕಳಚಿ, ಹರಿದ ರಂಧ್ರಗಳಿಗೆ ಮರದ ಬೆಣೆಗಳನ್ನು ಅಂಟಿಟ್ಟು ಕೂಡಿಸಿ, ಒಣಗಿದಮೇಲೆ ಬೈರಿಗೆಯಿಂದ ಹೊಸದಾಗಿ ಕೊರೆದು ಮೊಳೆಗಳನ್ನು ತಿರುಗಿಸಿ ಇಳಿಸಬೇಕಾದರೆ ಒಂದು ದಿನ ಹೋಗುತ್ತದೆ. ಆ ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ದಿನದ ದುಡಿಮೆಯಿಂದ ಒಲೆ ಹೊತ್ತಬೇಕಾದ ಮನೆಯವನಿಗೆ ಕಾಣದ ದೋಷವನ್ನು ತಿದ್ದೆಂದು ಬೋಧಿಸುವುದು ಉಂಡವರ ಹೊಟ್ಟೆಯ ವೇದಾಂತವಾಗಲಾರದೇ?

ಒಂದೊಂದನ್ನೂ ಕ್ರಮವಾಗಿ ವಿಚಾರಿಸಬೇಕು.

ನೋಡಿ ಒಪ್ಪಿದಮೇಲೆ ಹೊಣೆ ತೀರಿತೆಂಬ ಮೊದಲನೆಯ ವಾದಕ್ಕೆ ನಾರದಸ್ಮೃತಿಯಲ್ಲಿಯೇ ಉತ್ತರದ ಬೀಜವಿದೆ. ಕೊಂಡ ವಸ್ತುವಿನ ವಿಷಯದಲ್ಲಿ ಪಶ್ಚಾತ್ತಾಪ ಪಡುವುದಕ್ಕೆ ಸಂಬಂಧಿಸಿದ ಕ್ರೀತಾನುಶಯವೆಂಬ ವ್ಯವಹಾರಪದವೊಂದು ಅಲ್ಲಿ ಉಂಟು. ಕೊಂಡವನು ವಸ್ತುವನ್ನು ಎಷ್ಟು ಕಾಲ ಪರೀಕ್ಷಿಸಬಹುದೆಂದು ಅದರಲ್ಲಿ ನಿಯಮಿಸಿದೆ. ಕಬ್ಬಿಣಕ್ಕೂ ಬಟ್ಟೆಗೂ ೧ ದಿನ. ಕರೆಯುವ ಪಶುವಿಗೆ ೩ ದಿನ. ಭಾರಹೊರುವ ಪಶುವಿಗೆ ೫ ದಿನ. ಮುತ್ತು, ವಜ್ರ, ಹವಳಗಳಿಗೆ ೭ ದಿನ. ಬೀಜಗಳಿಗೆ ೧೦ ದಿನ. ಎಲ್ಲಕ್ಕೂ ಒಂದೇ ಅವಧಿಯನ್ನು ಇಡದೆ ಹೀಗೆ ಬೇರೆಬೇರೆಯಾಗಿ ಇಟ್ಟುದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬಟ್ಟೆಯನ್ನು ಬಿಸಿಲಿಗೆ ಹಿಡಿದರೆ ಅದರ ಹರಕು ಒಡನೆಯೇ ಕಾಣುತ್ತದೆ. ಹಸುವು ಕೊಟ್ಟಿಗೆಗೆ ಒಗ್ಗಿ ಹಾಲಿಳಿಸುವುದಕ್ಕೆ ಎರಡು ಮೂರು ಹೊತ್ತು ಬೇಕು. ಬೀಜವಾದರೋ ಮೊಳೆಯುವ ತನಕ ತನ್ನ ಗುಣವನ್ನು ಬಿಟ್ಟುಕೊಡುವುದಿಲ್ಲ. ಎಂದರೆ, ದೋಷವು ತೋರಿಕೊಳ್ಳುವುದಕ್ಕೆ ವಸ್ತುವಿನ ಸ್ವಭಾವವೇ ಬೇಡುವ ಕಾಲವು ಕಳೆಯುವವರೆಗೆ ಒಪ್ಪಿಗೆಯು ಪೂರ್ಣವಾದ ಒಪ್ಪಿಗೆಯಲ್ಲ.

ಆ ಪಟ್ಟಿಯಲ್ಲಿ ಮರಗೆಲಸವು ಹೆಸರಿಸಲ್ಪಟ್ಟಿಲ್ಲ. ಅದೇ ನ್ಯಾಯವನ್ನು ಮರಕ್ಕೆ ಅನ್ವಯಿಸಿದರೆ ಎಷ್ಟು ಕಾಲವಾದೀತು? ಮರವು ಕಡಿದಮೇಲೆಯೂ ಗಾಳಿಯ ತೇವವನ್ನು ಹೀರುತ್ತ ಬಿಡುತ್ತ ಇರುತ್ತದೆ. ಉದ್ದದಲ್ಲಿ ಅದು ಕುಗ್ಗುವುದು ಗಣನೆಗೆ ಬಾರದಷ್ಟು ಕಡಮೆ. ಅಡ್ಡಲಾಗಿ ಕುಗ್ಗುವುದೇ ಹೆಚ್ಚು. ಅದರಲ್ಲಿಯೂ ವರ್ಷವಲಯಗಳನ್ನು ಅನುಸರಿಸುವ ದಿಕ್ಕಿನ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನದಕ್ಕಿಂತ ಸುಮಾರು ಎರಡರಷ್ಟು. ಆದಕಾರಣವೇ ಹಸಿಯ ಹಲಗೆಯು ಒಣಗುವಾಗ ಬರಿದೆ ಕಿರಿದಾಗದೆ ಸೊಟ್ಟಗೂ ಆಗುತ್ತದೆ. ಚೈತ್ರದ ಬಿಸಿಲಿನಲ್ಲಿ ಸಂದುಬಿಡದೆ ಬಿಗಿಯಾಗಿ ಕೂಡಿಸಿದ ಕದವು ಶ್ರಾವಣದಲ್ಲಿ ವಾಡಕ್ಕೆ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಕೂಡಿಸಿದ್ದು ಬೇಸಗೆಗೆ ಬಿರುಕು ತೋರುತ್ತದೆ. ಚಿತ್ರದುರ್ಗದ ಒಣಹವೆಗೆ ಹೊಂದುವ ಸಂದು ಆಗುಂಬೆಯ ಮಳೆಗೆ ಸಾಲದು. ಹೀಗಿರಲಾಗಿ ಆರು ಋತುಗಳೂ ಒಮ್ಮೆ ಸುತ್ತಿಬಂದ ಹೊರತು ಬಾಗಿಲಿನ ಪರೀಕ್ಷೆ ಮುಗಿಯುವುದಿಲ್ಲ. ಗೃಹಪ್ರವೇಶದ ದಿನ ಬೆಳಗ್ಗೆ ಯಜಮಾನನು ನೋಡುವುದು ಒಂದು ಋತುವಿನ ಬಾಗಿಲನ್ನು ಮಾತ್ರ. ಮಿಕ್ಕ ಐದು ಋತುಗಳ ಬಾಗಿಲನ್ನು ಅಂದು ಕಾಣಬಲ್ಲವನು ಒಬ್ಬನೇ: ಮರವು ಎಷ್ಟು ಒಣಗಿತ್ತು, ಸಂದನ್ನು ಎಷ್ಟು ಬಿಟ್ಟಿದೆ, ಒಳಹಲಗೆಯನ್ನು ತೋಡಿನಲ್ಲಿ ಅಲುಗಾಡುವಂತೆ ಬಿಟ್ಟಿದೆಯೋ ಅಂಟುಹಾಕಿ ಬಿಗಿದಿದೆಯೋ ಎಂಬುದನ್ನು ಬಲ್ಲ ಕೆಲಸಗಾರ. ಒಪ್ಪಿಗೆ ಕೊಡುವವನಿಗೆ ತಿಳಿವಳಿಕೆ ಇಲ್ಲದಾಗ, ತಿಳಿವಳಿಕೆ ಇದ್ದವನ ಮೌನವು ಆ ಒಪ್ಪಿಗೆಯನ್ನೇ ಟೊಳ್ಳಾಗಿಸುತ್ತದೆ. ನೋಡುವ ಭಾರವು ತಿಳಿದವನ ಮೇಲೆ ಬೀಳುವುದು ಈ ಕಾರಣದಿಂದ.

ಈಚಿನ ರಾಜಶಾಸನವೂ ಈ ನ್ಯಾಯವನ್ನು ಅಂಗೀಕರಿಸಿದೆ. ಮನೆಗಳನ್ನು ಕಟ್ಟಿಸಿ ಮಾರುವವರಿಗೆ ಸಂಬಂಧಿಸಿದಂತೆ ೨೦೧೬ರಲ್ಲಿ ಭಾರತದ ಸಂಸತ್ತು ಮಾಡಿದ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯಲ್ಲಿ, ಸ್ವಾಧೀನ ಕೊಟ್ಟ ದಿನದಿಂದ ೫ ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿಯೋ ಕೆಲಸಗಾರಿಕೆಯಲ್ಲಿಯೋ ದೋಷವನ್ನು ಗಮನಕ್ಕೆ ತಂದರೆ, ಬೇರೆ ಹಣವನ್ನು ಪಡೆಯದೆ ೩೦ ದಿನಗಳೊಳಗೆ ಸರಿಪಡಿಸತಕ್ಕದ್ದೆಂದು ವಿಧಿಸಿದೆ. ಆದರೆ ಊರಿನ ಬಡಗಿಯಿಂದ ತನ್ನ ಮನೆಯ ಬಾಗಿಲನ್ನು ತಾನೇ ಮಾಡಿಸಿಕೊಳ್ಳುವ ಗೃಹಸ್ಥನಿಗೆ ಆ ಕಾಯಿದೆಯ ಆಸರೆಯಿಲ್ಲ. ಇದ್ದರೂ ಶಾಸನವು ಹಿಡಿಯುವುದು ತೋರಿಬಂದ ದೋಷವನ್ನು. ತೋರಿಬರುವ ಮುಂಚೆ ಹಿಡಿಯಬಲ್ಲದ್ದು ಮಾಡಿದವನ ಅಂತಃಕರಣ ಮಾತ್ರ.

ಶ್ರೌತಯಾಗದ ವ್ಯವಸ್ಥೆಯಲ್ಲಿ ಈ ಮಾತಿಗೆ ಒಂದು ಸುಂದರವಾದ ನಿದರ್ಶನವಿದೆ. ಹೋತೃವು ಶಂಸಿಸುತ್ತಾನೆ, ಅಧ್ವರ್ಯುವು ಆಹುತಿಗಳನ್ನು ನಡೆಸುತ್ತಾನೆ, ಉದ್ಗಾತೃವು ಸಾಮವನ್ನು ಹಾಡುತ್ತಾನೆ. ಬ್ರಹ್ಮನೆಂಬ ನಾಲ್ಕನೆಯ ಋತ್ವಿಜನಾದರೋ ದಕ್ಷಿಣಭಾಗದಲ್ಲಿ ಬಹುಮಟ್ಟಿಗೆ ಸುಮ್ಮನೆ ಕುಳಿತಿರುತ್ತಾನೆ. ಮಂತ್ರಲೋಪವೋ ಕ್ರಿಯಾಲೋಪವೋ ಆಯಿತೇ ಎಂದು ಕಾಯುತ್ತಿದ್ದು, ಆದರೆ ಪ್ರಾಯಶ್ಚಿತ್ತದಿಂದ ಅದನ್ನು ಸರಿಪಡಿಸುವುದು ಅವನ ಕೆಲಸ. ಲೋಪವು ಆಗಿಯೇ ಆಗುವುದೆಂದು ಊಹಿಸಿಯೇ ಯಾಗವನ್ನು ಕಲ್ಪಿಸಿದರು. ಆದುದರಿಂದ ಅದನ್ನು ಕಾಣುವುದಕ್ಕಾಗಿಯೇ ಒಬ್ಬನನ್ನು ನೇಮಿಸಿದರು. ಮಾಡುವ ಕೈಗೂ ನೋಡುವ ಕಣ್ಣಿಗೂ ಭೇದವಿರಬೇಕೆಂಬುದು ಇಲ್ಲಿಯ ರಹಸ್ಯ. ಮಾಡುತ್ತಿರುವವನಿಗೆ ತಾನು ಮಾಡಬೇಕೆಂದುಕೊಂಡದ್ದೇ ಕಾಣುತ್ತದೆ, ಮಾಡಿದ್ದು ಕಾಣುವುದಿಲ್ಲ. ಬಡಗಿಗೆ ಬೇರೆ ಬ್ರಹ್ಮನನ್ನು ನೇಮಿಸುವ ಅನುಕೂಲವಿಲ್ಲ. ಆದ್ದರಿಂದ ವಿವೇಕಿಯಾದವನು ಸಂಜೆ ಮುಗಿಸಿದ ಕೆಲಸವನ್ನು ಸಂಜೆಯೇ ಒಪ್ಪಿಸದೆ, ರಾತ್ರಿ ಕಳೆದು ಬೆಳಗಿನ ಬೆಳಕಿನಲ್ಲಿ ಹೊಸಬನಂತೆ ಬಂದು ನೋಡುತ್ತಾನೆ. ಇಲ್ಲವೆ ಜೊತೆಯ ಕೆಲಸಗಾರನನ್ನು ಕರೆದು ನೋಡಿಸುತ್ತಾನೆ.

ಎರಡನೆಯ ಆಕ್ಷೇಪ, ನಿರ್ದೋಷವಾದದ್ದು ಲೋಕದಲ್ಲಿ ಇಲ್ಲವೆಂಬುದು. ಇದರಲ್ಲಿ ಸತ್ಯವುಂಟು, ಆದರೆ ಇದು ಎರಡು ಬೇರೆ ಮಾತುಗಳನ್ನು ಬೆರೆಸುತ್ತದೆ. ಮರದ ಎಳೆಯು ಅಲೆಯಲೆಯಾಗಿರುವುದು, ಒಂದು ಹಲಗೆಯ ಬಣ್ಣವು ಇನ್ನೊಂದಕ್ಕಿಂತ ಗಾಢವಾಗಿರುವುದು, ಗಟ್ಟಿಯಾಗಿ ಕೂತ ಗಂಟೊಂದು ತೋರುವುದು ಇವು ಮರದ ಸ್ವಭಾವ, ದೋಷವಲ್ಲ. ಕೈಯಿಂದ ಮಾಡಿದ ಕೆಲಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುವುದು ಕೈಯ ಸ್ವಭಾವ, ಅದೂ ದೋಷವಲ್ಲ. ವಸ್ತುವು ಯಾವ ಪ್ರಯೋಜನಕ್ಕಾಗಿ ಮಾಡಲ್ಪಟ್ಟಿತೋ ಆ ಪ್ರಯೋಜನವನ್ನು ಕೆಡಿಸುವುದು, ಅಥವಾ ಒಪ್ಪಿಕೊಂಡ ಕರಾರನ್ನು ಮೀರಿದ್ದು, ಇದು ದೋಷ. ಈ ಲಕ್ಷಣವನ್ನು ಹಿಡಿದರೆ ತಿದ್ದುವಿಕೆಗೆ ಒಂದು ಮೇರೆ ಸಿಕ್ಕುತ್ತದೆ. ಮೇರೆಯಿಲ್ಲದೆ ತಿದ್ದುತ್ತ ಹೋಗುವುದೂ ಒಂದು ದೋಷವೇ. ಒಂದು ಗೀರನ್ನು ಅಳಿಸಹೋಗಿ ಹಲಗೆಯನ್ನೇ ತೆಳುಮಾಡಿದ ಬಡಗಿಗಳೂ ಉಂಟು.

ತಿದ್ದುವುದಕ್ಕೂ ಮುಚ್ಚುವುದಕ್ಕೂ ಇರುವ ಅಂತರವನ್ನೂ ಇಲ್ಲಿಯೇ ಹೇಳಬೇಕು. ಸಡಿಲವಾದ ಸಂದಿಗೆ ಗರಗಸದ ಹುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಮರಳುಕಾಗದದಿಂದ ಉಜ್ಜಿ, ಮೇಲೆ ಮೆರುಗನ್ನು ಹಚ್ಚಿದರೆ ಕಣ್ಣಿಗೆ ಸಂದೇ ಕಾಣುವುದಿಲ್ಲ. ಆದರೆ ಭಾರ ಬಿದ್ದಾಗ ಹಿಡಿಯಬೇಕಾದದ್ದು ಮರ, ಹುಡಿಯು ಹಿಡಿಯಲಾರದು. ಅದೇ ಸಂದನ್ನು ಬಿಚ್ಚಿ, ಸರಿಯಾದ ಬೆಣೆಯನ್ನು ಕೂಡಿಸಿ ಮತ್ತೆ ಬಿಗಿದರೆ ಅದು ತಿದ್ದುವಿಕೆ. ಮೊದಲನೆಯದು ನೋಡುವವನ ಕಣ್ಣಿಗೆ ಮಾಡಿದ ಕೆಲಸ, ಎರಡನೆಯದು ಬಾಗಿಲಿಗೆ ಮಾಡಿದ ಕೆಲಸ. ಭಾರ ಹೊರಬೇಕಾಗಿಲ್ಲದ ಸಣ್ಣ ಮೊಳೆಗುಳಿಗೆ ಅದೇ ಹುಡಿಯನ್ನು ತುಂಬುವುದರಲ್ಲಿ ವಂಚನೆಯೇನೂ ಇಲ್ಲ. ದ್ರವ್ಯವು ಒಂದೇ ಆದರೂ ಒಂದೆಡೆ ಅದು ಪೂರಣ, ಇನ್ನೊಂದೆಡೆ ಅನೃತ.

ಓಲೆಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರು ಗ್ರಂಥಾಂತ್ಯದಲ್ಲಿ, ತಾವು ಮಾತೃಕೆಯಲ್ಲಿ ಕಂಡಂತೆ ಬರೆದಿರುವುದಾಗಿಯೂ ತಪ್ಪೇನಾದರೂ ಇದ್ದರೆ ದೋಷವನ್ನು ತಮ್ಮ ಮೇಲೆ ಹೊರಿಸಬಾರದಾಗಿಯೂ ಬಿನ್ನವಿಸಿಕೊಳ್ಳುವುದು ವಾಡಿಕೆಯಾಗಿತ್ತು. ಬಾಗಿಲಿನ ಮೇಲೆ ಅಂಥ ಬಿನ್ನಹವನ್ನು ಕೆತ್ತುವ ಪದ್ಧತಿಯಿಲ್ಲ. ಆದರೂ ಬಡಗಿಗೊಂದು ಮಾತೃಕೆಯುಂಟು. ಅದು ಅವನಿಗೆ ಕೊಟ್ಟ ಮರ. ಯಜಮಾನನು ಅಗ್ಗಕ್ಕೆ ಸಿಕ್ಕಿತೆಂದು ಹಸಿಯ ಮರವನ್ನು ತಂದು ಕೊಟ್ಟಿದ್ದರೆ ಅದರ ಬಿರುಕಿಗೆ ಬಡಗಿಯು ಹೊಣೆಯಲ್ಲ. ಆದರೆ ಅದು ಹಸಿಯದೆಂದು ಕೆಲಸಕ್ಕೆ ಮುಂಚೆಯೇ ಹೇಳದಿದ್ದರೆ, ಮರದ ದೋಷವು ಯಜಮಾನನದಾಗಿಯೂ ಮೌನದ ದೋಷವು ಬಡಗಿಯದಾಗಿಯೂ ಉಳಿಯುತ್ತದೆ.

ದೋಷವನ್ನು ಕೇಳಿಸಿಕೊಳ್ಳುವ ಬಗೆಗೆ ಕನ್ನಡ ನಾಡಿನ ಮನೆಮನೆಯಲ್ಲಿಯೂ ಹೇಳುವ ಐತಿಹ್ಯವೊಂದುಂಟು. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಪ್ರತಿಷ್ಠೆಯಾದದ್ದು ೧೧೧೭ರಲ್ಲಿ. ಜಕಣಾಚಾರಿಯು ಅಲ್ಲಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಡಂಕಣನೆಂಬ ತರುಣನು ಹೇಳಿದನಂತೆ; ದೋಷವು ತೋರಿದರೆ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣನು ಪಣತೊಟ್ಟನಂತೆ. ವಿಗ್ರಹಕ್ಕೆ ಗಂಧವನ್ನು ಲೇಪಿಸಿದರು. ಎಲ್ಲ ಕಡೆಯೂ ಒಣಗಿದ ಗಂಧವು ನಾಭಿಯ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟಾಗ ನೀರೂ ಕಪ್ಪೆಯೂ ಹೊರಬಿದ್ದವು. ಜಕಣನ ಕೈ ಹೋಯಿತು. ಡಂಕಣನು ಅವನ ಮಗನೆಂದು ಆಮೇಲೆ ತಿಳಿಯಿತು. ಚರಿತ್ರಕಾರರು ಇದನ್ನು ಚರಿತ್ರೆಯೆಂದು ಒಪ್ಪುವುದಿಲ್ಲ. ಕಥೆಯಾಗಿಯೇ ನೋಡಿದರೂ ಇದರಲ್ಲಿ ಒಂದು ವಿವೇಚನೆಯುಂಟು. ಕಲ್ಲಿನೊಳಗೆ ಕಪ್ಪೆಯಿದ್ದುದು ಜಕಣನ ತಪ್ಪಲ್ಲ. ಇನ್ನೊಬ್ಬನು ದೋಷವನ್ನು ಸೂಚಿಸಿದಾಗ ಪರೀಕ್ಷೆಗೆ ಮುಂಚೆಯೇ ಇಲ್ಲವೆಂದು ಕೈಯನ್ನು ಪಣವಿಟ್ಟನಲ್ಲ, ಅದು ತಪ್ಪು. ಗಂಧವನ್ನು ಹಚ್ಚಿ ನೋಡೋಣವೆಂದು ಅವನೇ ಹೇಳಿದ್ದರೆ ವಿಗ್ರಹವೊಂದು ಹೋಗುತ್ತಿತ್ತು, ಕೈ ಉಳಿಯುತ್ತಿತ್ತು. ಡಂಕಣನ ಮಾತು ನಿಷ್ಠುರವಾಗಿ ಕೇಳಿದರೂ ಪ್ರತಿಷ್ಠೆಗೆ ಮುಂಚೆ ಆಡಿದ್ದರಿಂದ ಅದು ಉಪಕಾರ. ಪೂಜೆ ನಡೆಯತೊಡಗಿದಮೇಲೆ ಆಡಿದ್ದರೆ ಅದೇ ಮಾತು ಅನರ್ಥಕ್ಕೆ ಕಾರಣವಾಗುತ್ತಿತ್ತು.

ಉಳಿದದ್ದು ಮೂರನೆಯ ಆಕ್ಷೇಪ, ಕೂಲಿಯದು. ಇದಕ್ಕೆ ಉತ್ತರವು ಬಡಗಿಯಲ್ಲಿ ಇಲ್ಲ, ಯಜಮಾನನಲ್ಲಿದೆ. ಇದುವರೆಗಿನ ವಿಚಾರವೆಲ್ಲವೂ ಕೆಲಸಗಾರನನ್ನು ನಿಲ್ಲಿಸಿ ಪ್ರಶ್ನಿಸುವಂತೆ ತೋರಿದ್ದರೆ, ಈಗ ಇನ್ನೊಂದು ಕಡೆಗೆ ತಿರುಗಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕುಶಲಕರ್ಮಿಯು ಗೊತ್ತುಮಾಡಿದ ಕಾಲವನ್ನು ಮೀರಿದರೆ ಕೂಲಿಯಲ್ಲಿ ಕಾಲುಭಾಗವನ್ನು ಕಳೆದು ಅದರ ಎರಡರಷ್ಟು ದಂಡವನ್ನು ವಿಧಿಸಿದೆ. ಹೇಳಿದ್ದನ್ನು ಬಿಟ್ಟು ಬೇರೆಯಾಗಿ ಮಾಡಿದರೆ ಕೂಲಿಯೇ ಇಲ್ಲ, ಮೇಲೆ ಅದರ ಎರಡರಷ್ಟು ದಂಡ. ದುಡಿದವನಿಗೆ ಕೂಲಿಯನ್ನು ಕೊಡದ ಒಡೆಯನಿಗಾದರೋ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡ. ತಕ್ಕಡಿಯು ಯಾವ ಕಡೆಗೆ ವಾಲಿದೆಯೆಂದು ವಿವರಿಸಬೇಕಾಗಿಲ್ಲ. ಆ ವಾಲಿಕೆಯು ಇಂದಿಗೂ ಅನೇಕರ ಮನಸ್ಸಿನಲ್ಲಿ ಉಳಿದಿದೆ. ಕಡೆಯ ಕಂತನ್ನು ಕೊಡಬೇಕಾದ ದಿನವೇ ಕೆಲವರಿಗೆ ದೋಷಗಳು ಕಾಣತೊಡಗುತ್ತವೆ. ಇಂದು ಒಂದು, ನಾಳೆ ಒಂದು ಎಂದು ಹೇಳುತ್ತ ಬಡಗಿಯನ್ನು ನಾಲ್ಕು ಸಲ ಅಲೆಸಿ, ಕಡೆಗೆ ಬೇಸತ್ತು ಅವನೇ ಬಿಟ್ಟುಹೋಗುವಂತೆ ಮಾಡಿ ಹಣವನ್ನು ಉಳಿಸಿದ ಜಾಣರೂ ಉಂಟು. ಕಳ್ಳ ಮೊಳೆಗೂ ಈ ಕಳ್ಳ ಪರೀಕ್ಷೆಗೂ ಧರ್ಮದ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅನ್ಯಾಯವು ಸಜ್ಜನರಿಂದಲೂ ಆಗುತ್ತದೆ. ಬಡಗಿಯೊಬ್ಬನು ಬಂದು, "ಯಜಮಾನರೇ, ಮೇಲಿನ ಕೀಲಿನ ಮೊಳೆ ಸರಿಯಾಗಿ ಹಿಡಿದಿಲ್ಲ. ನಾಳೆ ಕದ ಕಳಚಿ ಸರಿಮಾಡಿಕೊಡುತ್ತೇನೆ," ಎಂದನೆಂದು ಭಾವಿಸಿಕೊಳ್ಳಬಹುದು. ಯಜಮಾನನು ಸಹಜವಾಗಿಯೇ, "ಇನ್ನೇನೇನು ಕೆಡಿಸಿಟ್ಟಿದ್ದೀರಿ, ಆಚಾರ್ರೇ?" ಎಂದುಬಿಡುತ್ತಾನೆ. ಆ ಒಂದು ಮಾತಿನಿಂದ ಆಗುವ ಹಾನಿ ಸಣ್ಣದಲ್ಲ. ತಾನಾಗಿ ಬಂದು ನಿಜವನ್ನು ಹೇಳಿದವನಿಗೆ ಸಂದೇಹವೇ ಬಹುಮಾನವಾಯಿತು; ಪಕ್ಕದಲ್ಲಿ ನಿಂತು ಕೇಳಿದ ಅವನ ಶಿಷ್ಯನು, ಹೇಳದಿರುವುದೇ ಲೇಸೆಂಬ ಪಾಠವನ್ನು ಕಲಿತನು. ಮುಂದೆ ಆ ಶಿಷ್ಯನು ಮಾಡುವ ಬಾಗಿಲುಗಳ ಕಾಣದ ದೋಷಗಳಲ್ಲಿ ಆ ಯಜಮಾನನಿಗೂ ಒಂದು ಪಾಲುಂಟು. ದೋಷವನ್ನು ತಾನಾಗಿ ಹೇಳಿದವನಲ್ಲಿ ವಿಶ್ವಾಸವು ಹೆಚ್ಚಬೇಕೇ ಹೊರತು ಕಡಮೆಯಾಗುವುದು ನ್ಯಾಯವಲ್ಲ; ಹೇಳಿದ ಒಂದು ದೋಷವು, ಹೇಳದ ಮಿಕ್ಕ ಕಡೆ ಕೆಲಸವು ಚೆನ್ನಾಗಿದೆಯೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಆದುದರಿಂದ ಯಜಮಾನನಿಗೂ ಕೆಲವು ವಿಧಿಗಳುಂಟು. ಕೆಲಸವನ್ನು ಗೊತ್ತುಮಾಡುವಾಗಲೇ ಕಡೆಯ ಪರೀಕ್ಷೆಗೂ ತಿದ್ದುಪಡಿಗೂ ಬೇಕಾಗುವ ಒಂದೆರಡು ದಿನಗಳ ಕೂಲಿಯನ್ನು ಕರಾರಿನಲ್ಲಿ ಸೇರಿಸಬೇಕು. ಹಾಗೆ ಮಾಡಿದರೆ ಬಡಗಿಯ ಸತ್ಯಕ್ಕೂ ಅವನ ಒಲೆಗೂ ವಿರೋಧವು ಏಳುವುದಿಲ್ಲ. ದೋಷಗಳನ್ನು ಬಡಗಿಯ ಎದುರಿನಲ್ಲಿಯೇ ನೋಡಿ, ಎಲ್ಲವನ್ನೂ ಒಂದೇ ಸಲ ಪಟ್ಟಿಮಾಡಿ ಹೇಳಬೇಕು. ಕರಾರಿನಲ್ಲಿ ಇಲ್ಲದ್ದನ್ನು ದೋಷವೆಂದು ಕರೆಯಬಾರದು. ತಿದ್ದಿದೊಡನೆ ಕೊಡಬೇಕಾದದ್ದನ್ನು ತಡಮಾಡದೆ ಕೊಟ್ಟುಬಿಡಬೇಕು. ಒಂದು ಮಳೆಗಾಲ ಕಳೆದಮೇಲೆ ಮತ್ತೊಮ್ಮೆ ಬಂದು ನೋಡಬೇಕೆಂದು ಕೇಳಿಕೊಂಡರೆ ಆ ದಿನಕ್ಕೂ ಕೂಲಿ ಕೊಡುವುದು ನ್ಯಾಯ. ಎಲ್ಲಕ್ಕಿಂತ ಮುಖ್ಯವಾಗಿ, ಗೃಹಪ್ರವೇಶದ ಮುಹೂರ್ತವನ್ನು ಕೆಲಸದ ಕುತ್ತಿಗೆಯ ಮೇಲೆ ಇಡಬಾರದು. ಅರ್ಧರಾತ್ರಿಯಲ್ಲಿ ದೀಪ ಹಿಡಿದು ಕೀಲುಗಳನ್ನು ಕೂಡಿಸುವ ಬಡಗಿಯ ಕೈಗೆ ತಿರುಪುಳಿಗೆ ಬದಲಾಗಿ ಸುತ್ತಿಗೆಯನ್ನು ಕೊಡುವುದು ಅನೇಕವೇಳೆ ಪುರೋಹಿತನು ಗೊತ್ತುಮಾಡಿದ ಲಗ್ನವೇ. ಗ್ರಹಗಳ ಅನುಕೂಲವನ್ನು ನೋಡುವವರು ಅಂಟು ಒಣಗುವ ಅನುಕೂಲವನ್ನೂ ನೋಡುವುದು ಲೇಸು.

ಇಷ್ಟೆಲ್ಲ ಹೇಳಿಯೂ ಒಂದು ಅಂಶವು ಉಳಿಯುತ್ತದೆ. ಯಜಮಾನನು ಕೃಪಣನಾಗಿದ್ದು, ಕೂಲಿಯು ಕಡಮೆಯಾಗಿದ್ದು, ಮುಹೂರ್ತವು ಮೇಲೆಬಿದ್ದಿರುವಾಗ ಬಡಗಿಯು ಏನು ಮಾಡಬೇಕು? ಆಗಲೂ ಎಲ್ಲ ದೋಷಗಳೂ ಒಂದೇ ತೂಕದವಲ್ಲವೆಂಬ ವಿವೇಕವು ಸಹಾಯಕ್ಕೆ ಬರುತ್ತದೆ. ಮೇಲಂಚಿಗೆ ಎಣ್ಣೆಯನ್ನು ಹಚ್ಚಲು ಹೊತ್ತಿಲ್ಲದಿದ್ದರೆ, ಮಳೆ ಬರುವ ಮುನ್ನ ಅಲ್ಲಿ ಒಮ್ಮೆ ಹಚ್ಚಿಸಿಕೊಳ್ಳಿರೆಂದು ಹೇಳಿ ಹೋದರೂ ಸಾಲುತ್ತದೆ. ಆ ಮಾತಿಗೆ ಕೂಲಿಯ ವೆಚ್ಚವಿಲ್ಲ. ತಿದ್ದಲಾರದ್ದನ್ನು ತಿಳಿಸುವುದು ತಿದ್ದುವುದಕ್ಕೆ ಸಮವಲ್ಲವಾದರೂ ಮುಚ್ಚುವುದಕ್ಕಿಂತ ಬಹಳ ಮೇಲು. ಹಿಡಿಯದ ಕೀಲಿನ ವಿಷಯದಲ್ಲಿ ಅಷ್ಟು ಸಾಲದು. ಅದು ಮನುಷ್ಯರ ಮೈಮೇಲೆ ಬೀಳಬಹುದಾದ ದೋಷ. ಅದನ್ನು ಕೂಲಿಯಿದ್ದರೂ ಇಲ್ಲದಿದ್ದರೂ ತಿದ್ದಿಯೇ ತೀರಬೇಕು. ಅಲ್ಲಿ ಬಡಗಿಯ ಮುಂದೆ ಇರುವವನು ಕೂಲಿ ಕಡಮೆ ಕೊಟ್ಟ ಯಜಮಾನನಲ್ಲ. ಆ ಕರಾರಿನಲ್ಲಿ ಯಾವ ಪಾಲೂ ಇಲ್ಲದೆ ಬಾಗಿಲನ್ನು ಹಿಡಿದು ಆಡುವ ಮಗು.

ಬಡಗಿಯ ಬಾಗಿಲನ್ನು ಕುರಿತ ಈ ಮಾತು ಓದುಬರಹದ ಕಸಬಿನವರಿಗೂ ಹೊಂದುತ್ತದೆ. ಲೆಕ್ಕವನ್ನು ಬರೆದವನಿಗೂ, ಪುಸ್ತಕವನ್ನು ತಿದ್ದಿ ಅಚ್ಚಿಗೆ ಕೊಟ್ಟವನಿಗೂ, ವಿದ್ಯಾರ್ಥಿಯನ್ನು ಮೇಲಿನ ತರಗತಿಗೆ ಕಳುಹಿಸಿದವನಿಗೂ ತಮ್ಮ ತಮ್ಮ ಮೇಲಂಚುಗಳಿವೆ. ಅವನ್ನು ಏಣಿಯಿಟ್ಟು ನೋಡುವವರು ಅಲ್ಲಿಯೂ ಇಲ್ಲ. ವ್ಯತ್ಯಾಸವಿಷ್ಟೇ: ಬಡಗಿಯ ದೋಷವನ್ನು ಒಂದು ಮಳೆಗಾಲವು ಬಯಲಿಗೆಳೆಯುತ್ತದೆ, ಇವರ ದೋಷವು ಬಯಲಾಗುವುದಕ್ಕೆ ಒಂದು ತಲೆಮಾರೇ ಹಿಡಿಯಬಹುದು. ಹೊರಗಿನ ಪರೀಕ್ಷೆ ಎಷ್ಟು ತಡವಾಗಿ ಬರುವುದೋ ಅಷ್ಟರಮಟ್ಟಿಗೆ, ಒಪ್ಪಿಸುವ ಮುನ್ನ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಭಾರವು ಮಾಡಿದವನ ಮೇಲೆ ಹೆಚ್ಚುತ್ತದೆ.